ಕೊಟ್ಟಿಗೆಯಲ್ಲೂ ಒಬ್ಬಳು ಗೌರಿ

ಬಾಣಂತನಕ್ಕೆ ತವರಿಗೆ ಬರುವ ಮುಂಚೆಯೇ ನಾನೂ ನನ್ನ ಗಂಡನೂ ಹೆಸರು ಗೊತ್ತು ಮಾಡಿಕೊಂಡಿದ್ದೆವು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ನಮ್ಮ ದೇಶದಲ್ಲಿ ಕೇಳುವ ಹಾಗಿಲ್ಲ, 1994ರ ಕಾಯ್ದೆಯೇ ಇದೆ. ಹಾಗಾಗಿ ಎರಡು ಹೆಸರು ಬೇಕಾಯಿತು. ಗಂಡಾದರೆ ಶ್ರೀಧರ, ಹೆಣ್ಣಾದರೆ ಗೌರಿ. ಎರಡೂ ಹಳೆಯವು. ಎರಡನ್ನೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮನೆಯಲ್ಲಿ ಇದನ್ನು ಹೇಳಿದಾಗ ಶ್ರೀಧರನಿಗೆ ಯಾರ ತಕರಾರೂ ಬರಲಿಲ್ಲ. "ಹೂಂ, ಚೊಲೋ ಇದ್ದು" ಎಂದು ಅಪ್ಪಯ್ಯ ಅಡಿಕೆ ಕತ್ತರಿಸುತ್ತಲೇ ಹೇಳಿದರು. ಗೌರಿ ಎಂದ ಕೂಡಲೇ ಅಡಕತ್ತರಿ ನಿಂತಿತು. ಅಲ್ಲಿಂದ ಶುರುವಾದ ಪಂಚಾಯ್ತಿಕೆ ಮಗು ಹುಟ್ಟಿ, ತೊಟ್ಟಿಲಿಗೆ ಹಾಕುವ ದಿನದವರೆಗೂ ನಡೆಯಿತು. ಗಂಡು ಹೆಸರಿಗೆ ಇಲ್ಲದ ಚರ್ಚೆ ಹೆಣ್ಣು ಹೆಸರಿಗೆ ಯಾಕೆ ಎಂದು ನಾನು ಕೇಳಿದ್ದುಂಟು. ಒಬ್ಬರು ಅತ್ತೆ ಪಟ್ಟನೆ ಉತ್ತರ ಕೊಟ್ಟರು: "ನಾಳೆ ಗಂಡನ ಮನೆಯವ್ಕೆ ಕರೆಯಕ್ಕೆ ಸುಲಭ ಆಗಡ್ದನೇ?" ಮಗು ಇನ್ನೂ ಹುಟ್ಟಿಯೇ ಇಲ್ಲ. ಅದರ ಗಂಡನ ಮನೆಯವರ ಬಾಯಿಗೆ ಯಾವ ಅಕ್ಷರ ಹೊರಳುತ್ತದೆ ಎಂಬ ಚಿಂತೆ ಆಗಲೇ ಇವರಿಗೆ! ನನಗೆ ನಗು ಬಂತು, ಸಿಟ್ಟೂ ಬಂತು.

ಅಪ್ಪಯ್ಯನ ತಕರಾರು ಮಾತ್ರ ಬೇರೆಯದು. ನಮ್ಮ ಕೊಟ್ಟಿಗೆಯಲ್ಲಿ ಆಗಲೇ ಒಬ್ಬಳು ಗೌರಿ ಇದ್ದಳು. ಮಲೆನಾಡು ಗಿಡ್ಡ ತಳಿಯ ಕೆಂದ ಬಣ್ಣದ ಹಸು, ಹಾಲು ಕಡಿಮೆ, ಸೊಕ್ಕು ಜಾಸ್ತಿ. ಅವಳಿಗಿಂತ ಮುಂಚೆ ಗಂಗೆ ಇದ್ದಳು, ತುಂಗೆ ಇದ್ದಳು, ಕಾವೇರಿ ಇದ್ದಳು, ಲಕ್ಷ್ಮಿಯಂತೂ ಸಾಲುಸಾಲು. ನಮ್ಮ ಕಡೆ ಚಂದದ ಹೆಸರುಗಳನ್ನೆಲ್ಲ ಕೊಟ್ಟಿಗೆ ಮೊದಲೇ ಹಿಡಿದಿಟ್ಟುಕೊಂಡಿರುತ್ತದೆ. "ಗೌರಿ ಹೇಳಿ ಕೂಗಿದ್ರೆ ಯಾರು ಓ ಅನ್ನವು?" ಎಂಬುದು ಅಪ್ಪಯ್ಯನ ಪ್ರಶ್ನೆ. ತಮಾಷೆಗೆ ಕೇಳಿದ್ದಲ್ಲ. ಅವರಿಗೆ ಅದು ದಿನಕ್ಕೆ ಎರಡು ಹೊತ್ತು ಎದುರಾಗುವ ಪ್ರಶ್ನೆ.

ಇದಕ್ಕೆ ಅಜ್ಜಿ ಕೊಟ್ಟ ಉತ್ತರ ನನಗೆ ತುಂಬ ಇಷ್ಟವಾಯಿತು. ಅವರ ತಂಗಿಯ ಹೆಸರೂ ಗಂಗೆ, ಆಗಿನ ಹಸುವಿನ ಹೆಸರೂ ಗಂಗೆ. ಯಾರಿಗೂ ಗೊಂದಲ ಆಗಿರಲಿಲ್ಲವಂತೆ. ಹಸುವನ್ನು ಕರೆಯುವ ರಾಗವೇ ಬೇರೆ, ಹುಡುಗಿಯನ್ನು ಕರೆಯುವ ರಾಗವೇ ಬೇರೆ. ಅಕ್ಕಚ್ಚು ಹಿಡಿದುಕೊಂಡು ಕರೆದರೆ ಹಸು ಬರುತ್ತದೆ, ಜಡೆಗೆ ಹೂವು ಹಿಡಿದುಕೊಂಡು ಕರೆದರೆ ತಂಗಿ ಬರುತ್ತಾಳೆ. ಇಷ್ಟು ಹೇಳಿ ಅಜ್ಜಿ ಬತ್ತಿ ಹೊಸೆಯಲು ಕೂತರು.

ಕೂಸು ಹುಟ್ಟಿದ್ದು 2024ರ ಮಾರ್ಚ್‌ನಲ್ಲಿ, ಶಿರಸಿಯ ಮಾರಿಕಾಂಬಾ ಜಾತ್ರೆಯ ಕೊನೆಯ ಹೊತ್ತಿಗೆ. ಈ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅಮ್ಮ ರಥ ಏರಿ ಬಿಡಕಿಬೈಲಿನ ಗದ್ದುಗೆಗೆ ಬಂದು ಕೂತಳು ಎಂದರೆ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೆಂಗಳೂರು, ಹುಬ್ಬಳ್ಳಿ, ಪುಣೆ ಎಂದು ಚದುರಿಹೋದ ನೆಂಟರೆಲ್ಲ ಊರಿನಲ್ಲಿ ಹಾಜರು. ಅಮ್ಮನಿಗೆ ಉಡಿ ತುಂಬಿಸಿ, ಹಣ್ಣುಕಾಯಿ ಮಾಡಿಸಿ, ಆಮೇಲೆ ನಮ್ಮ ಮನೆಗೆ ಬರುತ್ತಿದ್ದರು. ಪುರುಡು ಇರುವ ಮನೆಗೆ ಬಂದ ಮೇಲೆ ದೇವಸ್ಥಾನಕ್ಕೆ ಹೋಗುವ ಹಾಗಿಲ್ಲವಲ್ಲ, ಅದಕ್ಕೆ ಈ ಕ್ರಮ. ಬಂದವರು ಮಗುವಿನ ಮುಖ ನೋಡಿ, ಮೂಗು ಯಾರದ್ದು ಕಿವಿ ಯಾರದ್ದು ಎಂದು ತೀರ್ಮಾನಿಸಿ, ಒಂದು ಲೋಟ ಮಜ್ಜಿಗೆ ಕುಡಿದು, ಹೆಸರಿನ ಬಗ್ಗೆ ತಮ್ಮ ಅಭಿಪ್ರಾಯ ಕೊಟ್ಟು ಹೋಗುತ್ತಿದ್ದರು. ಜಾತ್ರೆಯ ಕೂಸು, ಅಂಬಿಕಾ ಎಂದೇ ಇಡಬೇಕು ಎಂದವರು ಕೆಲವರು. ನಾನು ಅರೆನಿದ್ದೆಯಲ್ಲಿ ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ.

ತಮ್ಮ ಬಂದ ಮೇಲೆ ಕತೆ ಬಿಗಿಯಾಯಿತು. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಮೊಬೈಲ್‌ನಲ್ಲಿ ಹೆಸರು ಹುಡುಕುವ ಆ್ಯಪ್ ಹಾಕಿಕೊಂಡೇ ಬಂದಿದ್ದ. ಅವನ ವಾದ ಸ್ಪಷ್ಟ. ಗೌರಿ ತೀರಾ ಸಾಮಾನ್ಯ. ಕ್ಲಾಸಿನಲ್ಲಿ ಇನ್ನೂ ಇಬ್ಬರು ಇರುತ್ತಾರೆ. ಇಮೇಲ್ ವಿಳಾಸ ಸಿಗುವುದಿಲ್ಲ, ಹೆಸರಿನ ಹಿಂದೆ ನಾಲ್ಕು ಅಂಕಿ ಹಾಕಿಕೊಂಡು ಓಡಾಡಬೇಕು. ಗೂಗಲ್‌ನಲ್ಲಿ ಹುಡುಕಿದರೆ ಸಾವಿರ ಗೌರಿಯರ ನಡುವೆ ಇವಳು ಎಲ್ಲಿ ಸಿಗುತ್ತಾಳೆ? ಹೆಸರು ಎಂದರೆ ಒಂದು ಗುರುತು, ಗುರುತು ಎಂದ ಮೇಲೆ ಬೇರೆಯೇ ಇರಬೇಕು. ಅವನ ಪಟ್ಟಿಯಲ್ಲಿ ಆದ್ಯಾ, ಆನ್ಯಾ, ಅನ್ವಿ, ಇಶಾನ್ವಿ, ಶನಾಯಾ, ಕಿಯಾರಾ ಇದ್ದವು. ಎಲ್ಲವೂ ಯಾ ಅಥವಾ ವಿ ಕಡೆಗೆ ಜಾರುವ ಹೆಸರುಗಳು. ಬೇರೆ ಥರ ಇರಬೇಕು ಎಂದು ಎಲ್ಲರೂ ಒಂದೇ ಕಡೆ ಓಡುತ್ತಿದ್ದಾರೆ ಎಂದು ನನಗೆ ಅನಿಸಿತು. ಅವನ ಸಹೋದ್ಯೋಗಿಗಳ ಮಕ್ಕಳಲ್ಲೇ ಎಷ್ಟು ಜನ ಆದ್ಯಾ ಇದ್ದಾರೆ ಎಂದು ಕೇಳಿದೆ. ಲೆಕ್ಕ ಹಾಕುತ್ತಾ ಸುಮ್ಮನಾದ.

ಆಯಿ, ಅಂದರೆ ನಮ್ಮಮ್ಮ, ಅವನ ಪಟ್ಟಿಯನ್ನು ತಳ್ಳಿಹಾಕಲಿಲ್ಲ. ಒಂದೊಂದಾಗಿ ಪರೀಕ್ಷೆ ಮಾಡಿದಳು. ಅದು ಹೇಗೆಂದರೆ, ಹಿತ್ತಿಲ ಕಡೆ ಹೋಗಿ, ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನಲ್ಲಿ ನಿಂತು, ಕೆಳಗಿನ ತೋಟದಲ್ಲಿದ್ದ ಅಪ್ಪಯ್ಯನಿಗೆ ಕೇಳುವ ಹಾಗೆ ಕೂಗುವುದು. ನಮ್ಮ ಕಡೆಯ ಮನೆಗಳು ಎಲ್ಲಿರುತ್ತವೆ ಎಂದು ಗೊತ್ತಿಲ್ಲದವರಿಗೆ ಇದು ಹುಚ್ಚು ಅನಿಸಬಹುದು. ಮನೆ ಗುಡ್ಡದ ಬದಿಗೆ, ಅಡಿಕೆ ತೋಟ ಕೆಳಗೆ ಕಣಿವೆಯಲ್ಲಿ. ನಡುವೆ ಬಾಳೆ, ಏಲಕ್ಕಿ, ಕಾಳುಮೆಣಸಿನ ಬಳ್ಳಿ, ನೀರು ಹರಿಯುವ ಕಾಲುವೆಯ ಸದ್ದು. ಊಟಕ್ಕೆ ಕರೆಯಬೇಕು, ನೆಂಟರು ಬಂದರೆ ತಿಳಿಸಬೇಕು, ಮಕ್ಕಳು ಹಳ್ಳಕ್ಕೆ ಇಳಿದರೆ ಬೈಯಬೇಕು. ಎಲ್ಲವೂ ಕೂಗಿನಲ್ಲೇ. ಮೊಬೈಲ್ ಬಂದರೂ ನಮ್ಮ ತೋಟದಲ್ಲಿ ಸಿಗ್ನಲ್ ಇವತ್ತಿಗೂ ಇಲ್ಲ. ಹಾಗಾಗಿ ಹೆಸರಿನ ಕೊನೆಯ ಸ್ವರವನ್ನು ಎಳೆಯಲು ಬರಬೇಕು, ಆ ಎಳೆತ ತೋಟದ ಕೊನೆ ಮುಟ್ಟಬೇಕು.

ಆಯಿ "ಇಶಾ..." ಎಂದು ಎಳೆದಳು. "ನ್ವಿ" ಎನ್ನುವಷ್ಟರಲ್ಲಿ ಉಸಿರು ಒಳಗೇ ಉಳಿಯಿತು. ಕೆಳಗಿನಿಂದ ಅಪ್ಪಯ್ಯ, "ಯಾರು ಬಂಜ್ವೇ?" ಎಂದು ಕೇಳಿದರು. ಈಶ ಎಂಬ ಯಾರೋ ಬಂದಿದ್ದಾರೆ ಎಂದುಕೊಂಡಿದ್ದರು. ಅನ್ವಿ ಧರೆ ದಾಟಲೇ ಇಲ್ಲ. ಕಿಯಾರಾ ಚೆನ್ನಾಗಿಯೇ ಹೋಯಿತು, ಆದರೆ ಅದು ಹಕ್ಕಿ ಓಡಿಸುವ ಕೂಗಿನ ಹಾಗೆ ಕೇಳಿ ಪಕ್ಕದ ತೋಟದ ಕೆಲಸದವರೂ ತಲೆ ಎತ್ತಿದರು. ಆಮೇಲೆ ಆಯಿ "ಗೌ...ರೀ..." ಎಂದಳು. ಬಾಯಿ ತುಂಬುವ ಔಕಾರ, ಕೊನೆಗೆ ಎಷ್ಟು ಬೇಕಾದರೂ ಎಳೆಯಬಹುದಾದ ರೀ. ಹೆಸರು ಕಣಿವೆಯ ಆಚೆ ದಡಕ್ಕೆ ಹೋಗಿ ಮುಟ್ಟಿತು. ಕೊಟ್ಟಿಗೆಯಿಂದ "ಅಂಬಾ" ಎಂಬ ಉತ್ತರವೂ ಬಂತು. ತಮ್ಮ ಬಿದ್ದು ಬಿದ್ದು ನಕ್ಕ.

ದೊಡ್ಡಾಯಿಯದು ಇನ್ನೊಂದು ಪರೀಕ್ಷೆ. ಅವಳ ಪ್ರಕಾರ ಹೆಸರು ಒಂಟಿಯಾಗಿ ಇರುವುದೇ ಇಲ್ಲ. ನಾಳೆ ಇವಳಿಗೆ ತಂಗಿಯೋ ತಮ್ಮನೋ ಹುಟ್ಟಿದರೆ ಅಕ್ಕ ಸೇರುತ್ತದೆ. ತಮ್ಮನ ಮಕ್ಕಳು ಬಂದರೆ ಅತ್ತೆ ಸೇರುತ್ತದೆ. ಮುಂದೆ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ. ಸೀತಕ್ಕ, ಸರಸಕ್ಕ, ಪಾರ್ವತಕ್ಕ, ಸಾವಿತ್ರತ್ತೆ ಎಂದು ಹೆಸರಿಗೆ ಸಂಬಂಧ ಅಂಟಿಕೊಂಡು ಒಂದೇ ಮಾತಾಗಬೇಕು. ಗೌರಕ್ಕ, ಗೌರತ್ತೆ ಆಗುತ್ತದೆ. ಶನಾಯಕ್ಕ? ಕಿಯಾರತ್ತೆ? ಹೇಳಿ ನೋಡಿದೆವು. ದೊಡ್ಡಾಯಿ ಹೇಳಿದ ರೀತಿಯೋ ಏನೋ, ಕಿಯಾರತ್ತೆ ಎಂದರೆ ಯಕ್ಷಗಾನದ ರಕ್ಕಸಿಯ ಹಾಗೆ ಕೇಳಿತು. ತಮ್ಮನಿಗೆ ಇದು ಸರಿ ಕಾಣಲಿಲ್ಲ. ಈಗಿನ ಮಕ್ಕಳು ಆಂಟಿ, ಅಂಕಲ್ ಅಂತಾರೆ, ಇದೆಲ್ಲ ಯಾರಿಗೆ ಬೇಕು ಎಂದ. ಅವನ ಮಾತಿನಲ್ಲೂ ನಿಜ ಇದೆ. ಆದರೂ ನಮ್ಮ ಮಗಳನ್ನು ಯಾರಾದರೂ ಗೌರತ್ತೆ ಎಂದು ಕರೆಯುವುದನ್ನು ನೆನೆಸಿಕೊಂಡರೆ ನನಗೆ ಯಾಕೋ ಖುಷಿಯಾಗುತ್ತಿತ್ತು.

ಹಾಗೆಂದು ಹಳೆಯ ಹೆಸರು ಎಂದ ಮಾತ್ರಕ್ಕೆ ಎಲ್ಲವೂ ಸಲ್ಲುತ್ತವೆ ಎಂದಲ್ಲ. ಇದು ನನಗೆ ಆ ದಿನಗಳಲ್ಲೇ ಗೊತ್ತಾಗಿದ್ದು. ಸೀತಾ ಎಂದು ಅತ್ತೆಯವರು ಫೋನಿನಲ್ಲಿ ಸೂಚಿಸಿದಾಗ ನಮ್ಮ ಮನೆಯ ಹೆಂಗಸರು ಒಟ್ಟಿಗೇ ಬೇಡ ಎಂದರು. ಸೀತೆ ಪಟ್ಟ ಪಾಡು ಸಾಕು ಎಂಬುದು ಅವರ ಮಾತು. ಸೀತೆಯರೇ ತುಂಬಿರುವ ಊರಿನಲ್ಲಿ ನಿಂತು ಹೀಗೆ ಹೇಳುತ್ತಾರಲ್ಲ! ಅದೇ ಜಾನಕಿ ಎಂದರೆ ಪರವಾಗಿಲ್ಲವಂತೆ. ಇಬ್ಬರೂ ಒಬ್ಬಳೇ ಅಲ್ವಾ ಎಂದರೆ, "ಜಾನಕಿ ಅಪ್ಪನ ಮನೆಲಿ ಇದ್ದಾಗಿನ ಹೆಸರು" ಎಂದು ಅಜ್ಜಿ ತಿದ್ದಿದರು. ಈ ವಾದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಭಾಗೀರಥಿಗೆ ದೊಡ್ಡಾಯಿಯ ವಿರೋಧ. ಕೆರೆಗೆ ನೀರು ಬರಲಿ ಎಂದು ಕಿರಿಯ ಸೊಸೆಯನ್ನು ಬಲಿ ಕೊಟ್ಟ ಜನಪದ ಕತೆಯ ಹುಡುಗಿಯ ಹೆಸರು ಅದು. ಸಾವಿತ್ರಿ ಯಾರಿಗೂ ಬೇಡವಾಗಲಿಲ್ಲ, ಆದರೆ ಮನೆಯಲ್ಲಿ ಆಗಲೇ ಇಬ್ಬರು ಸಾವಿತ್ರತ್ತೆಯರಿದ್ದಾರೆ. ಒಬ್ಬರ ಹೆಸರಿಟ್ಟರೆ ಅದು ತಮ್ಮದೇ ಹೆಸರು ಎಂದು ಇಬ್ಬರೂ ತಿಳಿಯುವ ಅಪಾಯ ಇತ್ತು.

ಸ್ವಲ್ಪ ಹೊತ್ತು ನಾನೇ ಗೌರಿಯನ್ನು ಬಿಡುವ ಹಾಗಾಗಿತ್ತು. ಅದು ನದಿಗಳ ಹೆಸರು ಬಂದಾಗ. ನಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ಹೆಸರು ಬೇಕೆಂದರೆ ನಕಾಶೆ ತೆರೆದರೆ ಸಾಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಒಳಗೆ ಬಂದರೆ ಶಾಲ್ಮಲಾ, ಸಹಸ್ರಲಿಂಗದ ಬಂಡೆಗಳ ಮೇಲೆ ಹರಿಯುವವಳು. ಶರಾವತಿ ಎಂದಾಗ ಸಾಗರದ ಕಡೆಯಿಂದ ಬಂದಿದ್ದ ಒಬ್ಬ ಅಜ್ಜ ತಲೆ ಅಲ್ಲಾಡಿಸಿದರು. ಅವರದು ಮುಳುಗಡೆಯಾದ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ತುಂಬಿದಾಗ ಮನೆ, ಗದ್ದೆ, ತೋಟ ಎಲ್ಲ ಬಿಟ್ಟು ಎದ್ದು ಬಂದವರು. ಅವರ ಅಕ್ಕನ ಹೆಸರೇ ಶರಾವತಿಯಂತೆ. ಅಣೆಕಟ್ಟಿಗಿಂತ ಮುಂಚೆ ಇಟ್ಟದ್ದು. ಆಮೇಲೆ ಆ ಮನೆತನದಲ್ಲಿ ಯಾರೂ ಆ ಹೆಸರನ್ನು ಮತ್ತೆ ಇಡಲಿಲ್ಲ. ಅವರು ಇದನ್ನು ದುಃಖದಿಂದ ಹೇಳಲಿಲ್ಲ, ಸುಮ್ನೆ ವಿಷಯ ತಿಳಿಸುವ ಹಾಗೆ ಹೇಳಿದರು. ಅದಾದ ಮೇಲೆ ಸ್ವಲ್ಪ ಹೊತ್ತು ಯಾರೂ ಹೆಸರಿನ ಮಾತೆತ್ತಲಿಲ್ಲ.

ಅಘನಾಶಿನಿ ನನ್ನ ಮಾವನವರ ಸೂಚನೆ. ಅವರದು ಕುಮಟಾದ ಹತ್ತಿರ ನದಿ ಸಮುದ್ರ ಸೇರುವ ಕಡೆಯ ಊರು. ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ. ಅಲ್ಲಿಂದ ಹೊರಟು ಉಂಚಳ್ಳಿಯಲ್ಲಿ ಘಟ್ಟದಿಂದ ಧುಮುಕಿ ಕುಮಟಾಕ್ಕೆ ಬರುತ್ತದೆ. ಎಲ್ಲೂ ದೊಡ್ಡ ಅಣೆಕಟ್ಟು ಅಡ್ಡ ಬಂದಿಲ್ಲ. "ನೀನು ಬಂದ ದಾರಿಯೇ ಅಲ್ವನಾ ತಂಗಿ" ಎಂದು ಮಾವ ಫೋನಿನಲ್ಲಿ ಹೇಳಿದಾಗ ಕಣ್ಣು ತುಂಬಿತು. ಬಾಣಂತಿಯ ಕಣ್ಣು, ತುಂಬಲು ಹೆಚ್ಚೇನೂ ಬೇಕಿರಲಿಲ್ಲ. ಒಂದು ರಾತ್ರಿ ಪೂರ್ತಿ ಮಗುವನ್ನು ಅಘನಾಶಿನಿ ಎಂದು ಕರೆದು ನೋಡಿದೆ. ಬೆಳಿಗ್ಗೆ ತಮ್ಮ, "ಬೆಂಗಳೂರಿನಲ್ಲಿ ಇದನ್ನ ಅಗ್ಗಿ ಮಾಡ್ತಾರೆ ನೋಡು" ಎಂದ. ಅಗ್ಗಿ! ಆ ಒಂದು ಮಾತಿಗೆ ನದಿ ಬತ್ತಿತು. ಐದು ಅಕ್ಷರದ ಹೆಸರನ್ನು ಪೂರ್ತಿ ಕರೆಯುವ ತಾಳ್ಮೆ ಈಗ ಯಾರಿಗೂ ಇಲ್ಲ. ಗೌರಿಯನ್ನು ಕತ್ತರಿಸಲು ಜಾಗವೇ ಇಲ್ಲ, ಅದು ಅದರ ದೊಡ್ಡ ಗುಣ.

ನನ್ನ ಕಾರವಾರದ ಗೆಳತಿ ಮಗು ನೋಡಲು ಬಂದವಳು ಇನ್ನೊಂದು ಲೋಕವನ್ನೇ ತೆರೆದಿಟ್ಟಳು. ಅವಳದು ಕೊಂಕಣಿ ಮನೆ. ಅವರಲ್ಲಿ ಮದುವೆಯ ದಿನ ಹುಡುಗಿಗೆ ಹೊಸ ಹೆಸರು ಇಡುವ ಪದ್ಧತಿ ಇತ್ತು. ತಟ್ಟೆಯಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರದಿಂದ ಗಂಡ ಆ ಹೆಸರು ಬರೆಯುತ್ತಾನೆ. ಅವಳ ಅಮ್ಮನಿಗೆ ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಬ್ಯಾಂಕಿನಲ್ಲಿ ಒಂದು ಹೆಸರು, ಆಸ್ತಿ ಪತ್ರದಲ್ಲಿ ಇನ್ನೊಂದು ಆಗಿ, ಅವೆರಡೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಲು ಓಡಾಡಿದ್ದು ಸಾಕೋ ಸಾಕು ಎಂದಳು. ಅವಳ ಮದುವೆಯಲ್ಲಿ ಅಕ್ಕಿಯ ಮೇಲೆ ಅವಳದೇ ಹೆಸರನ್ನು ಬರೆಸಿದ್ದಾಳೆ. ಶಾಸ್ತ್ರವೂ ಆಯಿತು, ಹೆಸರೂ ಉಳಿಯಿತು. "ನೀವು ಇಷ್ಟೊಂದು ಯೋಚನೆ ಮಾಡಿ ಇಡ್ತೀರಿ, ಆಮೇಲೆ ಅದನ್ನ ಯಾರೂ ಬದಲಾಯಿಸದ ಹಾಗೆ ನೋಡ್ಕೊಳ್ಳಿ" ಎಂದಳು. ಬಂದ ಅಭಿಪ್ರಾಯಗಳಲ್ಲಿ ನಾನು ಪೂರ್ತಿ ಒಪ್ಪಿದ್ದು ಇದೊಂದನ್ನೇ.

ಇಷ್ಟಾದ ಮೇಲೆ ಪುರೋಹಿತರ ಸರದಿ. ಜಾತಕ ನೋಡಿದ ಭಟ್ಟರು ನಕ್ಕರು. ಮಗುವಿನದು ಹಸ್ತಾ ನಕ್ಷತ್ರ, ಮೂರನೆಯ ಪಾದ. ಒಂದೊಂದು ನಕ್ಷತ್ರಕ್ಕೆ ನಾಲ್ಕು ಪಾದ, ಒಂದೊಂದು ಪಾದಕ್ಕೆ ಒಂದು ಅಕ್ಷರ. ಹೆಸರು ಆ ಅಕ್ಷರದಿಂದ ಶುರುವಾಗಬೇಕು. ಅಶ್ವಿನಿಗಾದರೆ ಚು, ಚೆ, ಚೊ, ಲ. ಹಸ್ತಕ್ಕೆ ಪು, ಷ, ಣ, ಠ. ಮೂರನೆಯ ಪಾದ ಎಂದರೆ ಣ! ಣ ಎಂದು ಶುರುವಾಗುವ ಹೆಸರನ್ನು ಯಾವ ಆ್ಯಪ್ ಕೊಡುತ್ತದೆ? ತಮ್ಮ ಹುಡುಕಿಯೂ ಹುಡುಕಿದ. ಅಜ್ಜಿ ಮಾತ್ರ ಗಂಭೀರವಾಗಿ, "ನಾಗವೇಣಿ ಇಡಿ, ಣ ಕಡೆಗಾದ್ರೂ ಬತ್ತು" ಎಂದರು. ನಾಗವೇಣಿ ನಮ್ಮ ಕಡೆಯ ಅಪ್ಪಟ ಹೆಸರು, ಒಂದು ತಲೆಮಾರಿನ ಹಿಂದೆ ಮನೆಗೊಬ್ಬರು ಇದ್ದರು. ಭಟ್ಟರು ಅಷ್ಟು ದೂರ ಹೋಗಬೇಕಿಲ್ಲ, ಣ ಬಂದಾಗ ನ ಹಿಡಿಯುವುದು ರೂಢಿ ಎಂದರು.

ಅವರ ಇನ್ನೊಂದು ಆಕ್ಷೇಪ ಗೌರಿಯ ಮೇಲೇ. ಹೆಣ್ಣುಮಕ್ಕಳ ಹೆಸರಿನಲ್ಲಿ ಅಕ್ಷರಗಳು ಬೆಸ ಸಂಖ್ಯೆಯಲ್ಲಿ ಇರಬೇಕು, ಗಂಡುಮಕ್ಕಳದ್ದು ಸರಿ ಸಂಖ್ಯೆಯಲ್ಲಿ. ಗೃಹ್ಯಸೂತ್ರದ ಮಾತು ಇದು. ಕೊನೆಯ ಸ್ವರ ದೀರ್ಘವಾಗಿರಬೇಕು, ಉಚ್ಚಾರ ಸುಲಭವಾಗಿರಬೇಕು, ಕೇಳಲು ಹಿತವಾಗಿರಬೇಕು. ಕೊನೆಯ ಮೂರಕ್ಕೆ ಗೌರೀ ಪಾಸು. ಮೊದಲನೆಯದಕ್ಕೆ ಫೇಲು, ಎರಡೇ ಅಕ್ಷರ. ಆಯಿಯ ಧರೆ ಪರೀಕ್ಷೆಗೂ ಶಾಸ್ತ್ರದ ದೀರ್ಘ ಸ್ವರಕ್ಕೂ ಇಷ್ಟು ಹತ್ತಿರದ ನಂಟಿದೆ ಎಂದು ನಾನು ಅಂದುಕೊಂಡಿರಲಿಲ್ಲ. ಲಕ್ಷ್ಮೀ, ಸೀತಾ, ಗಂಗಾ ಎಲ್ಲವೂ ಎರಡೇ ಅಕ್ಷರ ಅಲ್ವಾ ಭಟ್ಟರೇ ಎಂದು ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅದಕ್ಕೇ ಶಾಸ್ತ್ರದಲ್ಲಿ ಒಂದಕ್ಕಿಂತ ಜಾಸ್ತಿ ಹೆಸರಿಡಲು ಅವಕಾಶ ಇದೆ ಎಂದರು. ನಕ್ಷತ್ರದ ಹೆಸರು ಒಂದು, ಕುಲದೇವರ ಹೆಸರು ಒಂದು, ಕರೆಯುವ ಹೆಸರು ಒಂದು. ನಕ್ಷತ್ರಕ್ಕೆ ನರ್ಮದಾ ಎಂದು ನಿಶ್ಚಯವಾಯಿತು. ನ ಅಕ್ಷರವೂ ಆಯಿತು, ಮೂರು ಅಕ್ಷರವೂ ಆಯಿತು, ದೀರ್ಘವೂ ಆಯಿತು. ನದಿಯೂ ಒಂದು ಸಿಕ್ಕಿತು ಎಂದು ಮಾವನಿಗೆ ಫೋನ್ ಮಾಡಿ ಹೇಳಿದೆ. "ನಮ್ಮದಲ್ಲ, ಆಗ್ಲಿ ಬಿಡು" ಎಂದರು.

ನಾಮಕರಣ ಯುಗಾದಿಗೆ ಸ್ವಲ್ಪ ಮುಂಚೆ, ಸೆಕೆ ಹೊಯ್ಯುವ ಹೊತ್ತಿನಲ್ಲಿ. ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆದು ನನ್ನ ಗಂಡ ಮಗುವಿನ ಬಲಗಿವಿಯಲ್ಲಿ ಹೇಳಿದ. ಮಗು ನಿದ್ದೆ ಮಾಡುತ್ತಿತ್ತು. ಹೆಂಗಸರು ತೊಟ್ಟಿಲ ಹಾಡು ಹೇಳಿದರು. ಅತ್ತೆಯವರು ಮಗುವನ್ನು ತೊಟ್ಟಿಲಿಗೆ ಹಾಕುವಾಗ ಮೆಲ್ಲಗೆ ಜಾನಕಿ ಎಂದೂ ಒಂದು ಸಲ ಕರೆದದ್ದು ನನ್ನ ಕಿವಿಗೆ ಬಿತ್ತು. ಸುಮ್ಮನಿದ್ದೆ. ಕಾಯಿ ಹೋಳಿಗೆ ಚೆನ್ನಾಗಿ ಆಗಿತ್ತು.

ಇಲ್ಲಿಗೆ ಮುಗಿಯಿತು ಎಂದರೆ ಇಲ್ಲ. ಕಾಗದದ ಕೆಲಸ ಬಾಕಿ ಇತ್ತು. ಇದರ ಬಗ್ಗೆ ಹೊಸ ಅಪ್ಪ ಅಮ್ಮಂದಿರು ಅನಗತ್ಯವಾಗಿ ಗಾಬರಿಯಾಗುವುದನ್ನು ನೋಡಿದ್ದೇನೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮಗು ಹುಟ್ಟಿದ್ದನ್ನು 21 ದಿನದೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅವರೇ ತಿಳಿಸುತ್ತಾರೆ. ಆದರೆ ಆ ಹೊತ್ತಿಗೆ ಹೆಸರು ಇರಲೇಬೇಕು ಎಂದೇನಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟೇ ನೋಂದಣಿ ಆಗುತ್ತದೆ. ಒಂದು ವರ್ಷದೊಳಗೆ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು. ಅದು ತಪ್ಪಿದರೆ 15 ವರ್ಷದ ತನಕ ತಡ ಶುಲ್ಕ ಕೊಟ್ಟು ಸೇರಿಸಬಹುದು. ಹಾಗಾಗಿ ಆಸ್ಪತ್ರೆಯ ಫಾರಂ ತುಂಬುವಾಗಲೇ ಗಡಿಬಿಡಿಯಲ್ಲಿ ಏನೋ ಒಂದು ಬರೆದು ಕೊಡಬೇಡಿ. 2023ರ ಅಕ್ಟೋಬರ್ 1ರಿಂದ ಈ ಪ್ರಮಾಣಪತ್ರದ ತೂಕ ಹೆಚ್ಚಿದೆ. ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಡ್ರೈವಿಂಗ್ ಲೈಸೆನ್ಸ್‌ಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಸರ್ಕಾರಿ ಕೆಲಸಕ್ಕೆ ಹುಟ್ಟಿದ ದಿನಾಂಕದ ಆಧಾರ ಇದೇ. ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ಅದು ಎಲ್ಲ ಕಡೆ ಬೆನ್ನು ಹತ್ತುತ್ತದೆ.

ಗೌರಿ ಎಂಬ ಹೆಸರಿನ ನಿಜವಾದ ತೊಂದರೆ ಎದುರಾದದ್ದು ಇಲ್ಲೇ. ಕನ್ನಡದಲ್ಲಿ ಎರಡೇ ಅಕ್ಷರ, ತಪ್ಪಲು ಅವಕಾಶವೇ ಇಲ್ಲ. ಇಂಗ್ಲಿಷಿನಲ್ಲಿ? ಜಿ ಎ ಯು ಎಂದು ಬರೆಯುವವರಿದ್ದಾರೆ, ಜಿ ಓ ಡಬ್ಲ್ಯೂ ಎಂದು ಬರೆಯುವವರಿದ್ದಾರೆ, ಜಿ ಓ ಯು ಎಂದೂ ಇದ್ದಾರೆ. ನನ್ನ ಗಂಡನಿಗೆ ಎ ಯು ಬೇಕು, ಸಂಸ್ಕೃತದ ಪುಸ್ತಕಗಳಲ್ಲಿ ಹಾಗೇ ಇರುತ್ತದೆ ಎಂದು. ನನಗೆ ಓ ಡಬ್ಲ್ಯೂ ಬೇಕು, ನಮ್ಮ ಕಡೆಯ ಗೌರಿಯರೆಲ್ಲ ಹಾಗೇ ಬರೆಯುವುದು. ಎ ಯು ನೋಡಿದರೆ ಉತ್ತರದವರು ಗೋರಿ ಎಂದು ಓದುತ್ತಾರೆ ಎಂಬುದು ನನ್ನ ಭಯ. ಮನೆತನದ ಹೆಸರಿನದು ಇನ್ನೊಂದು ರಾಮಾಯಣ. ಹೆಗಡೆ ಎಂಬುದನ್ನು ನನ್ನ ಪಾನ್ ಕಾರ್ಡಿನಲ್ಲಿ ನಡುವೆ ಎ ಇಲ್ಲದೆ, ಅಂಕಪಟ್ಟಿಯಲ್ಲಿ ಎ ಹಾಕಿ ಬರೆದಿದ್ದಾರೆ. ಪಾಸ್‌ಪೋರ್ಟ್ ಮಾಡಿಸುವಾಗ ಅದರಿಂದ ಪಟ್ಟ ಪಾಡು ನೆನಪಿದೆ. ಕೊನೆಗೆ ಒಂದು ಒಪ್ಪಂದ ಮಾಡಿಕೊಂಡೆವು. ಗೌರಿ ನನ್ನ ಹಾಗೆ, ಹೆಗಡೆ ಅವನ ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೆ.

ಕಚೇರಿಗೆ ಹೋಗುವಾಗ ಎರಡೂ ಲಿಪಿಯಲ್ಲಿ ದೊಡ್ಡದಾಗಿ ಬರೆದ ಚೀಟಿ ತೆಗೆದುಕೊಂಡು ಹೋದೆವು. ಬಾಯಲ್ಲಿ ಹೇಳಿದರೆ ಅವರವರ ಕಿವಿಗೆ ಕೇಳಿದ ಹಾಗೆ ಟೈಪ್ ಆಗುತ್ತದೆ. ಪ್ರಿಂಟ್ ಕೊಡುವ ಮುಂಚೆ ಪರದೆ ತೋರಿಸಿ ಎಂದು ಕೇಳಿ ಓದಿದೆವು. ಅಪ್ಪನ ಹೆಸರು, ಅಮ್ಮನ ಹೆಸರು, ವಿಳಾಸ ಎಲ್ಲವನ್ನೂ. ಆಮೇಲೆ ಅದನ್ನೇ ಇಟ್ಟುಕೊಂಡು ಮಗುವಿನ ಆಧಾರ್ ಮಾಡಿಸಿದೆವು. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು, ಕಣ್ಣಿನ ಗುರುತು ತೆಗೆಯುವುದಿಲ್ಲ, ಅಪ್ಪ ಅಮ್ಮಂದಿರಲ್ಲಿ ಒಬ್ಬರ ಆಧಾರ್ ಜೊತೆ ಜೋಡಿಸುತ್ತಾರೆ. ಫೋಟೋದಲ್ಲಿ ಗೌರಿ ಕೋಪದಲ್ಲಿದ್ದಾಳೆ.

ಈಗ ನಾವು ಬೆಂಗಳೂರಿನಲ್ಲಿದ್ದೇವೆ. ನಾನು ಕೆಲಸಕ್ಕೆ ಮರಳಿದೆ, ಗೌರಿ ಡೇ ಕೇರ್‌ಗೆ ಹೋಗುತ್ತಾಳೆ. ತಮ್ಮನ ಭವಿಷ್ಯ ನಿಜವಾಯಿತು. ಅಲ್ಲಿ ಇನ್ನೊಬ್ಬಳು ಗೌರಿ ಇದ್ದಾಳೆ. ಕೇರಳದವಳು, ಜಿ ಓ ಯು. "ನಾನು ಹೇಳಿರ್ಲಿಲ್ವಾ" ಎಂದು ತಮ್ಮ ಮೆಸೇಜ್ ಹಾಕಿದ. ಆದರೆ ಅಲ್ಲಿ ನೋಡಿಕೊಳ್ಳುವ ಆಂಟಿ ನಮ್ಮ ಹಳ್ಳಿಯವರು ಮಾಡುವುದನ್ನೇ ಮಾಡಿದ್ದಾರೆ. ನಮ್ಮೂರಿನಲ್ಲಿ ಗಣಪತಿ ಹೆಗಡೆ ಎಂದು ಕೇಳಿದರೆ ಯಾವ ಗಣಪತಿ ಹೆಗಡೆ ಎಂದು ತಿರುಗಿ ಕೇಳುತ್ತಾರೆ. ಮೇಲಿನಮನೆಯವರೋ, ಕೆಳಗಿನಮನೆಯವರೋ, ಹೊಳೆಬದಿಯವರೋ. ಹೆಸರು ಒಂದೇ ಆದರೂ ಮನುಷ್ಯರು ಅದಲುಬದಲಾದದ್ದನ್ನು ನಾನು ಕಂಡಿಲ್ಲ. ಡೇ ಕೇರ್‌ನಲ್ಲೂ ಒಬ್ಬಳು ಶಿರಸಿ ಗೌರಿ, ಇನ್ನೊಬ್ಬಳು ಕೇರಳ ಗೌರಿ. ಮಕ್ಕಳಿಗೂ ಅದು ಗೊತ್ತಾಗಿದೆ. ತಮ್ಮನನ್ನು ಕಾಡುವ ಇಮೇಲ್ ವಿಳಾಸದ ತೊಂದರೆ ಬರಲು ಇನ್ನೂ ಎಷ್ಟೋ ವರ್ಷ ಇದೆ, ಆ ಹೊತ್ತಿಗೆ ಇಮೇಲ್ ಎಂಬುದು ಇರುತ್ತದೋ ಇಲ್ಲವೋ.

ಅದಲುಬದಲಾಗಿದ್ದು ಊಟದ ಡಬ್ಬಿ ಮಾತ್ರ. ಎರಡರ ಮೇಲೂ ಗೌರಿ ಎಂದಷ್ಟೇ ಚೀಟಿ ಅಂಟಿಸಿತ್ತು. ನಮ್ಮ ತೆಳ್ಳೇವು, ಅಂದರೆ ತೆಳು ದೋಸೆ, ಆ ಗೌರಿಗೆ ಹೋಗಿ, ಅವಳ ಪುಟ್ಟು ಮತ್ತು ಕಡಲೆ ಇವಳ ಪಾಲಿಗೆ ಬಂತು. ಇವಳು ಬೆಲ್ಲ ಹಚ್ಚಿದ ತೆಳ್ಳೇವನ್ನೂ ಅರ್ಧ ಬಿಡುವವಳು, ಪುಟ್ಟನ್ನು ಪೂರ್ತಿ ತಿಂದಿದ್ದಳಂತೆ. ಸಂಜೆ ಕರೆದುಕೊಂಡು ಬರಲು ಹೋದಾಗ ಆ ಗೌರಿಯ ಅಮ್ಮನ ಹತ್ತಿರ ಪುಟ್ಟು ಮಾಡುವುದು ಹೇಗೆ ಎಂದು ಕೇಳಿಕೊಂಡು ಬಂದೆ.